ನಡುವಿನ ಹಳದಿ ಚೌಕ

ನನ್ನ ಅಕ್ಕನಿಗೆ ಒಂದು ಮಾತು ಹೇಳಬೇಕಿತ್ತು, ಹೇಳಬೇಕಾದ ದಿನ ಹೇಳಲಿಲ್ಲ. ಮಾತು ದೊಡ್ಡದೇನಲ್ಲ. ನಿನ್ನ ಕಣ್ಣಿಗೆ ಏನೂ ಆಗಿಲ್ಲ, ಕ್ಯಾಮೆರಾ ಕೆಡಿಸಿದವನು ನಾನು ಎಂಬಷ್ಟೇ. ಒಂದೇ ಉಸಿರಿನಲ್ಲಿ ಮುಗಿಯುವ ಆ ಮಾತನ್ನು ನುಂಗಿಕೊಂಡು ನಾನು ಮುದುಕನಾದೆ. ಅದನ್ನು ಕೇಳದ ಅವಳು ಫೋಟೋ ತೆಗೆಯುವುದನ್ನು ಬಿಟ್ಟು ರೊಟ್ಟಿ ಬಡಿಯುತ್ತಾ ಮುದುಕಿಯಾದಳು.

ನಾನು ಈರಪ್ಪ. ಗಂಗಾವತಿಯಲ್ಲಿ ಕ್ಯಾಮೆರಾ ರಿಪೇರಿ ಮಾಡಿಕೊಂಡಿದ್ದೆ. ಏಳನೆಯ ತರಗತಿಗೆ ಶಾಲೆ ಬಿಟ್ಟವನು, ಬರೆದು ರೂಢಿಯಿಲ್ಲ. ಅಂಗಡಿ ಮುಚ್ಚಿ ಮನೆಯಲ್ಲಿ ಕೂತ ಮೇಲೆ ಒಂದು ವಿಚಿತ್ರ ನಡೆಯುತ್ತಿದೆ. ಹರೆಯದವರು ಮತ್ತೆ ರೀಲ್ ಹಾಕುವ ಕ್ಯಾಮೆರಾ ಹಿಡಿದುಕೊಂಡು ಮನೆ ಹುಡುಕಿ ಬರುತ್ತಿದ್ದಾರೆ. ಅಜ್ಜನ ಟ್ರಂಕಿನಲ್ಲಿ ಸಿಕ್ಕದ್ದು, ಗುಜರಿಯಲ್ಲಿ ಸಿಕ್ಕದ್ದು. ಕೆಲವರು ತಾವೇ ಬಿಚ್ಚಿ ಜೋಡಿಸಲು ಕಲಿಯುತ್ತಿದ್ದಾರೆ. ಹೆಚ್ಚಿನವರು ತರುವುದು ರೇಂಜ್‌ಫೈಂಡರ್, ಹೇಳುವ ದೂರೂ ಒಂದೇ: "ಅಜ್ಜಾರ, ಕಿಂಡಿಯೊಳಗ ನೋಡಿದ್ರ ಬೆಳ್ಳಗಾಗಿ ಏನೂ ಕಾಣವಲ್ದು." ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೆಲಸದ ಮಾತಿನ ಜೊತೆಗೆ ಅಕ್ಕನ ಮಾತೂ ಬರುತ್ತದೆ. ಅವೆರಡನ್ನು ಬೇರೆ ಮಾಡಲು ನನಗೆ ಬರುವುದಿಲ್ಲ.

ಈ ಕ್ಯಾಮೆರಾ ತಿಳಿಯದವರಿಗೆ ಒಂದೆರಡು ಮಾತು. ಇದರಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದ ಕಿಂಡಿಯಿಂದ ನೋಡುತ್ತೇವೆ. ಕಿಂಡಿಯ ನಡುವೆ ಒಂದು ಸಣ್ಣ ಹಳದಿ ಚೌಕ ಇರುತ್ತದೆ. ಎದುರಿನ ಮನುಷ್ಯ ಆ ಚೌಕದೊಳಗೆ ಎರಡಾಗಿ ಕಾಣುತ್ತಾನೆ. ಲೆನ್ಸ್ ತಿರುವುತ್ತಾ ಹೋದರೆ ಎರಡೂ ಒಂದರ ಮೇಲೊಂದು ಕೂರುತ್ತವೆ, ಆಗ ಗುಂಡಿ ಒತ್ತಬೇಕು. ಎರಡನೆಯ ಚಿತ್ರವನ್ನು ತಂದು ಕೂರಿಸುವುದು ಒಳಗಿರುವ ಒಂದು ಅರೆಗನ್ನಡಿ. ಉಗುರಿಗಿಂತ ಸ್ವಲ್ಪ ದೊಡ್ಡ ಗಾಜು, ಅದರ ಮೇಲೆ ಬಂಗಾರದ ಬಣ್ಣದ ತೆಳು ಲೇಪ. ಚೌಕಕ್ಕೆ ಬೆಳಕು ಕೊಡಲು ಕ್ಯಾಮೆರಾದ ಮುಂಭಾಗದ ನಡುವೆ ಹಾಲುಗಾಜಿನ ಇನ್ನೊಂದು ಕಿಂಡಿ ಇರುತ್ತದೆ. ಬೆಳಕು ಹಿಂದಿನಿಂದಲೋ ಓರೆಯಾಗಿಯೋ ಒಳಗೆ ಹೊಕ್ಕರೆ ಈ ಚೌಕಕ್ಕೆ ಹಾಲು ಸುರಿದಂತಾಗುತ್ತದೆ. ನನ್ನ ಗುರುಗಳು ಅದನ್ನು 'ಚಮಕ್' ಎನ್ನುತ್ತಿದ್ದರು. ನಾನೂ ಅದೇ ಹೆಸರಿನಿಂದ ಕರೆಯುತ್ತೇನೆ.

ಗುರುಗಳು ಕೊಪ್ಪಳದ ಖಾದರ್ ಉಸ್ತಾದರು. ಮೂಲತಃ ಗಡಿಯಾರ ರಿಪೇರಿಯವರು. ನನ್ನನ್ನು ಅವರ ಅಂಗಡಿಗೆ ಕರೆದುಕೊಂಡು ಹೋಗಿ ಬಿಟ್ಟವಳು ಅಕ್ಕ, ನೀಲಮ್ಮ. ನಾನು ಕರೆಯುವುದು ನೀಲಕ್ಕ ಎಂದು. ಅವ್ವ ಬೇಗ ಹೋಗಿದ್ದರಿಂದ ನನ್ನ ಮೇಲೆ ಕೈ ಮಾಡುವ ಹಕ್ಕೂ ಅವಳದೇ, ಉಣ್ಣಲು ಇಕ್ಕುವ ಹಕ್ಕೂ ಅವಳದೇ. ಅಂದು ಉಸ್ತಾದರಿಗೆ ಅವಳು ಹೇಳಿದ್ದು ನೆನಪಿದೆ.

"ಸಾಹೇಬ್ರ, ಇವಗ ಓದು ತಲಿಗೆ ಹತ್ತಲಿಲ್ಲ. ಕೆಲಸ ಕೈಗಾದ್ರೂ ಹತ್ತತೈತೇನು ನೋಡ್ರಿ."

ಉಸ್ತಾದರು ನನ್ನ ಎರಡೂ ಕೈ ಹಿಡಿದು, ಮಾವಿನಕಾಯಿ ನೋಡುವವರಂತೆ ತಿರುವಿ ನೋಡಿದರು. "ಬೆರಳು ಛಲೋ ಅದಾವ. ತುಡುಗುತನ ಬ್ಯಾಡ, ಅವಸರ ಬ್ಯಾಡ. ಈ ಎರಡು ಬಿಟ್ರ ಉಳದದ್ದು ನಾ ಕಲಸ್ತೀನಿ" ಎಂದರು. ಬ್ಯಾಡ ಎಂದ ಎರಡನ್ನೂ ನಾನು ಮುಂದೆ ಒಂದೇ ದಿನ ಮಾಡಿದೆ.

ಅವರ ಕೆಲಸದ ರೀತಿ ಹೀಗಿತ್ತು. ಚಮಕ್ ಎಂದು ಯಾರಾದರೂ ಬಂದರೆ ಮೊದಲು ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಗಿರಾಕಿಯನ್ನು ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲಿಗೆ ನಿಲ್ಲಿಸಿ, "ಕೋಟೆ ಗುಡ್ಡದ ಮ್ಯಾಲಿನ ಬಂಡೆಗಲ್ಲು ನೋಡ್ರಿ" ಎಂದು ಹೇಳಿ, ಅವನು ಹೇಗೆ ಹಿಡಿಯುತ್ತಾನೆ, ಹೇಗೆ ನಿಲ್ಲುತ್ತಾನೆ ಎಂದು ಸುತ್ತಲೂ ತಿರುಗಿ ನೋಡುತ್ತಿದ್ದರು. ಮುಕ್ಕಾಲು ರೋಗ ಹಿಡಿಯುವ ಕೈಯಲ್ಲಿ ಇರುತ್ತದೆ, ಉಳಿದದ್ದು ಗಾಜಿನಲ್ಲಿ ಎಂಬುದು ಅವರ ಲೆಕ್ಕ.

ಯಲಬುರ್ಗಾದಿಂದ ಬಸಣ್ಣ ಎಂಬ ಫೋಟೋಗ್ರಾಫರ್ ಬರುತ್ತಿದ್ದರು. "ಮದುವಿಗೆ ಹೋದ್ರ ಚಮಕ್ ಹೊಡೀತೈತ್ರಿ, ಮನ್ಯಾಗ ನೋಡಿದ್ರ ಕಣ್ಣಿಗೆ ತಂಪು. ಇದಕ್ಕ ಏನರ ದೆವ್ವ ಬಡದೈತೇನು?" ಎಂದು ಕೇಳಿದರು. ಉಸ್ತಾದರು ನಗಲಿಲ್ಲ. "ನಾಳೆ ಮದುವಿಗೆ ಹೊಂಟಂಗ ಬರ್ರಿ" ಎಂದರು. ಮರುದಿನ ಬಸಣ್ಣ ರೇಷ್ಮೆ ಅಂಗಿ, ಅತ್ತರು, ಕೈಗೆ ಬಿಳಿ ಕಲ್ಲಿನ ಉಂಗುರ ಧರಿಸಿ ಬಂದರು. ಕ್ಯಾಮೆರಾ ಎತ್ತಿದ ಕೂಡಲೇ ಉಂಗುರದ ಕಲ್ಲು ಸರಿಯಾಗಿ ನಡುವಿನ ಕಿಂಡಿಯ ಮುಂದೆ ಬಂದು ಕೂತಿತು.

"ಉಂಗುರ ತಗೀರಿ."

"ಮಾವ ಕೊಟ್ಟಾರ್ರಿ. ಮದುವಿಯೊಳಗ ಹಾಕ್ಕೊಳ್ಳದಿದ್ರ ಅತ್ತಿ ಊಟ ಬಿಡ್ತಾಳ."

"ಹಂಗಾದ್ರ ಕಲ್ಲು ಅಂಗೈ ಕಡೆ ತಿರುವ್ರಿ. ಅತ್ತಿನೂ ಉಣ್ಣಲಿ, ಚಮಕ್ಕೂ ಹೋಗಲಿ."

ಆ ರಿಪೇರಿಗೆ ಉಸ್ತಾದರು ಒಂದು ಕಪ್ ಚಹಾ ಬಿಟ್ಟು ಬೇರೇನೂ ತೆಗೆದುಕೊಳ್ಳಲಿಲ್ಲ.

ಬೇವೂರಿನ ಮಾಸ್ತರರೊಬ್ಬರ ಕಥೆ ಬೇರೆ. ಅವರಿಗೆ ದಪ್ಪ ಕನ್ನಡಕ. ಕನ್ನಡಕ ಹಾಕಿದವರ ಕಣ್ಣು ಕಿಂಡಿಗೆ ಅಂಟುವುದಿಲ್ಲ, ನಡುವಿನ ಸಂದಿಯಿಂದ ಬೆಳಕು ನುಗ್ಗಿ ಗಾಜಿಗೆ ಹೊಡೆಯುತ್ತದೆ. ಅದಕ್ಕೆ ನಮ್ಮ ಮದ್ದು ಹಳೆಯ ಸೈಕಲ್ ಟ್ಯೂಬು. ಬಳೆಯಂತೆ ಕತ್ತರಿಸಿ, ಕಿಂಡಿಯ ಸುತ್ತ ಅಂಟಿಸಿದರೆ ಕಣ್ಣಿಗೆ ಮರೆ. ಗಾಜಿಗೆ ಗೀರು ಬೀಳುವ ಹೆದರಿಕೆಯೂ ಇಲ್ಲ. ಮಾಸ್ತರರು ವಾರ ಬಿಟ್ಟು ಬಂದು, "ಚಮಕ್ ಹೋತು ಉಸ್ತಾದ್, ಆದ್ರ ನಮ್ಮೂರ ಸೈಕಲ್ ಅಂಗಡಿಯಂವ ನಗತಾನ. ಪಂಕ್ಚರ್ ಎಲ್ಲಿ ಆಗೈತ್ರಿ ಮಾಸ್ತರ ಅಂತಾನ" ಎಂದರು.

ಊರು ಬದಲಾದರೆ ಕ್ಯಾಮೆರಾದ ರೋಗವೂ ಬದಲು. ಯಲಬುರ್ಗಾ, ಕುಷ್ಟಗಿ ಕಡೆಯವು ಒಳಗೆ ಧೂಳು ಹೊತ್ತು ಬರುತ್ತಿದ್ದವು. ಮರಳಿ ಊರಿನ ಕಡೆ ಕಾಲುವೆ ನೀರಿನ ತಂಪಿಗೆ ಗಾಜಿನ ಮೇಲೆ ಬೂಸ್ಟು ಹಿಡಿಯುತ್ತಿತ್ತು. ಅದೂ ಅಲ್ಲದೆ ನಾಟಿಯ ಹೊತ್ತಿಗೆ ಗದ್ದೆಗಳೆಲ್ಲ ಕನ್ನಡಿಯಾಗಿ ಕೆಳಗಿನಿಂದ ಬಿಸಿಲು ಎರಚುತ್ತಿದ್ದವು. ಆ ಕಡೆಯವರಿಗೆ ನಾವು ನಡುವಿನ ಹಾಲುಗಾಜಿನ ಕಿಂಡಿಯ ಕೆಳಗಿನರ್ಧಕ್ಕೆ ಕರಿ ಕಾಗದ ಅಂಟಿಸಿ ಕೊಡುತ್ತಿದ್ದೆವು. ಗಾಜಿನ ಅಂಚುಗಳಿಗೆ ಮಸಿ ಬಳಿಯುವುದು ಮತ್ತೊಂದು ವಿದ್ಯೆ. ದೀಪದ ಮಸಿಯನ್ನು, ಬಡಿಗೇರರು ಪಾಲಿಶಿಗೆ ಬಳಸುವ ಅರಗಿನ ಜೊತೆ ಸ್ಪಿರಿಟಿನಲ್ಲಿ ಕಲಸಿ, ಸಣ್ಣ ಕುಂಚದ ತುದಿಯಿಂದ ಎಳೆಯಬೇಕು. ನಾನು ಮೊದಲ ಸಲ ಎಳೆದಾಗ ಮಸಿ ಹೆಚ್ಚಾಗಿ ಇಡೀ ಗಾಜಿಗೆ ಹರಿಯಿತು. ಉಸ್ತಾದರು ಆ ಗಾಜನ್ನು ಎಸೆಯದೆ ಮೇಜಿನ ಮೇಲಿಟ್ಟು, ಬಂದವರಿಗೆಲ್ಲ ತೋರಿಸುತ್ತಿದ್ದರು: "ನೋಡ್ರಿ, ನಮ್ಮ ಈರಪ್ಪ ಮಾಡಿದ ಅಮಾಸಿ."

ಆದರೆ ಒಂದು ವಿಷಯದಲ್ಲಿ ಅವರು ತಮಾಷೆ ಮಾಡುತ್ತಿರಲಿಲ್ಲ. ಅರೆಗನ್ನಡಿಗೆ ಬಟ್ಟೆ, ಹತ್ತಿ, ಬೆರಳು ಏನೂ ತಾಕಬಾರದು. ಉಸಿರು ಬಿಡಬೇಕು, ಪಾರಿವಾಳದ ಮೆತ್ತನೆಯ ಗರಿ ಆಡಿಸಬೇಕು, ಅಷ್ಟೇ. "ಅದರ ಮ್ಯಾಲಿನ ಬಣ್ಣ ಕುದುರಿಗಿ ಬಡದ ನಾಲ ಅಲ್ಲ, ಚಿಟ್ಟಿ ರೆಕ್ಕಿ ಮ್ಯಾಲಿನ ಪುಡಿ. ಮಬ್ಬು ಇದ್ರ ಇರ್ಲಿ. ಮಬ್ಬಿನೊಳಗ ಕಾಣತೈತಿ, ಒರಸಿದ್ರ ಕಾಣಂಗಿಲ್ಲ" ಎನ್ನುತ್ತಿದ್ದರು.

ಇನ್ನು ಅಕ್ಕನ ಕೆಲಸ. ಗಂಗಾವತಿಯ ಒಂದು ಸ್ಟುಡಿಯೋಕ್ಕೆ ಅವಳು ನೆಗೆಟಿವ್ ತಿದ್ದಿಕೊಡುತ್ತಿದ್ದಳು. ಹುಡುಗಿಯ ಮುಖದ ಮೇಲಿನ ಸಿಡುಬಿನ ಕಲೆ, ಮದುಮಗನ ಹಣೆಯ ಗಾಯ, ಇವನ್ನು ಸೂಜಿಯಷ್ಟು ಚೂಪಾದ ಪೆನ್ಸಿಲ್ಲಿನಿಂದ ಅಳಿಸುವ ಕೆಲಸ ಅದು. ಕಿಟಕಿಯ ಬೆಳಕಿಗೆ ನೆಗೆಟಿವ್ ಹಿಡಿದು ಕೂತರೆ ಪಕ್ಕದಲ್ಲಿ ಪಾತ್ರೆ ಬಿದ್ದರೂ ಅವಳ ಕೈ ನಡುಗುತ್ತಿರಲಿಲ್ಲ. ಓಣಿಯವರು ಅವಳನ್ನು 'ಹದ್ದಿನ ಕಣ್ಣಿನ ನೀಲವ್ವ' ಎನ್ನುತ್ತಿದ್ದರು. ಅವಳಿಗೆ ಆ ಹೆಸರಿನ ಮೇಲೆ ಬಂಗಾರದ ಮೇಲಿಲ್ಲದ ಪ್ರೀತಿ.

ಆಗ ಬಸುರಿಯರ ಕುಬಸದ ಮನೆಗಳಿಗೆ, ಪರದೆಯ ಮನೆಗಳ ಹೆಣ್ಣುಮಕ್ಕಳ ಕಾರ್ಯಗಳಿಗೆ ಗಂಡಸು ಫೋಟೋಗ್ರಾಫರನನ್ನು ಒಳಗೆ ಬಿಡುತ್ತಿರಲಿಲ್ಲ. ಸ್ಟುಡಿಯೋ ಮಾಲೀಕರು ಒಮ್ಮೆ ಅಕ್ಕನ ಕೈಗೆ ಕ್ಯಾಮೆರಾ ಕೊಟ್ಟು ಕಳಿಸಿದರು. ಅಂದಿನಿಂದ ಅವಳಿಗೆ ಬಿಡುವೇ ಇರಲಿಲ್ಲ. ಆಮೇಲೆ ತನ್ನದೇ ಒಂದು ಜಪಾನಿ ರೇಂಜ್‌ಫೈಂಡರ್ ಕೊಂಡಳು. ಸಪ್ಪಳವಿಲ್ಲದ ಸಣ್ಣ ಕ್ಯಾಮೆರಾ. ಸೆರಗಿನ ಮರೆಯಲ್ಲಿ ಹಿಡಿದು ನಿಂತರೆ ಹೆಂಗಸರು ತಮ್ಮ ಪಾಡಿಗೆ ನಗುತ್ತಿದ್ದರು, ಅಳುತ್ತಿದ್ದರು. ಅವಳ ಚಿತ್ರಗಳಲ್ಲಿ ಆ ನಗು ಹಾಗೇ ಉಳಿಯುತ್ತಿತ್ತು. ನಾನೂ ಅಷ್ಟರಲ್ಲಿ ಉಸ್ತಾದರ ಹತ್ತಿರ ಕಲಿತು, ಗಂಗಾವತಿಗೆ ಬಂದು, ಅವಳ ಮನೆಯ ಪಡಸಾಲೆಯಲ್ಲೇ ಮೇಜು ಹಾಕಿಕೊಂಡಿದ್ದೆ.

ಒಂದು ಬೇಸಿಗೆ. ರೈಸ್ ಮಿಲ್ಲಿನವರ ಮನೆಯ ಮೊಮ್ಮಗನಿಗೆ ಹೊಳೆ ದಂಡೆಯ ಹುಲಿಗಿ ಗುಡಿಯಲ್ಲಿ ಮೊದಲ ಕೂದಲು, ಅಂದರೆ ಜವಳ ತೆಗೆಸುವುದಿತ್ತು. ಅಕ್ಕನನ್ನೇ ಕರೆದಿದ್ದರು. ಹಿಂದಿನ ದಿನ ಬಂದು ಕ್ಯಾಮೆರಾವನ್ನು ನನ್ನ ಮೇಜಿನ ಮೇಲಿಟ್ಟಳು.

"ತಮ್ಮಾ, ಹೊಳಿ ದಂಡಿ ಬಿಸಲು ಅಂದ್ರ ಗೊತ್ತಲ್ಲ. ಚೌಕ ಬರೇ ಹಾಲಾಗ್ತೈತಿ. ಏನರ ಮಾಡು."

ಬಿಚ್ಚಿದೆ. ಅಂಚಿನ ಮಸಿ ಉದುರಿತ್ತು, ಬಳಿದೆ. ಕಣ್ಣಿನ ಕಿಂಡಿಗೆ ಹೊಸ ಟ್ಯೂಬಿನ ಬಳೆ ಹಾಕಿದೆ. ಅಲ್ಲಿಗೆ ಸಾಕಿತ್ತು. ಆದರೆ ಅರೆಗನ್ನಡಿಯ ಮೇಲೆ ಒಂದು ತೆಳು ಮಬ್ಬು ಕಂಡಿತು. ಉಸಿರು ಬಿಟ್ಟೆ, ಗರಿ ಆಡಿಸಿದೆ, ಹೋಗಲಿಲ್ಲ. ಅಕ್ಕನ ಕ್ಯಾಮೆರಾ, ಕನ್ನಡಿಯಂತೆ ಮಾಡಿಕೊಡಬೇಕೆಂಬ ಹುರುಪು. ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟಿನಲ್ಲಿ ಅದ್ದಿ, ಒಂದೇ ಒಂದು ಸಲ ಎಳೆದೆ. ಹತ್ತಿಗೆ ಅರಿಶಿನ ಹತ್ತಿದಂತಾಯಿತು. ಗಾಜು ಬರೀ ಗಾಜಾಯಿತು.

ಏನಾಯಿತೆಂದು ಆ ಕ್ಷಣವೇ ತಿಳಿಯಿತು. ಬೇರೆ ಅರೆಗನ್ನಡಿ ಬೇಕೆಂದರೆ ಇನ್ನೊಂದು ಸತ್ತ ಕ್ಯಾಮೆರಾ ಸಿಗಬೇಕು. ಜೋಡಿಸಿ ಮುಚ್ಚಿದೆ. ಒಂದು ವಿಪರ್ಯಾಸ ಗಮನಿಸಿ: ಲೇಪ ಹೋದ ಮೇಲೆ ಕಿಂಡಿ ಮೊದಲಿಗಿಂತ ಸ್ವಚ್ಛವಾಗಿ ಕಾಣುತ್ತದೆ. ಹೊಳಪಿಲ್ಲ, ಹಾಲಿಲ್ಲ. ಚೌಕವೂ ಇಲ್ಲ.

ಅಕ್ಕ ಎತ್ತಿ ಹಿಡಿದು ನೋಡಿದಳು. "ಏ, ಎಷ್ಟು ಬೆಳಕಾಗೈತೋ! ಆದ್ರ ತಮ್ಮಾ, ಚೌಕ ಎಲ್ಲಿ?"

"ಐತಲ್ಲ."

"ಕಾಣವಲ್ದು."

ಆಗ ನನ್ನ ಬಾಯಿಂದ ಬಂತು: "ಕ್ಯಾಮೆರಾ ಸಾಪ್ ಐತಿ ಅಕ್ಕಾ. ನಿನ್ನ ಕಣ್ಣು ಒಮ್ಮೆ ತೋರಸು."

ಅವಳ ಮುಖ ನೋಡಬೇಕಿತ್ತು. ಬೈದಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆನೋ ಏನೋ. ಅವಳು ಬೈಯಲಿಲ್ಲ. ಮೇಜಿನ ಮೇಲಿದ್ದ ಇನ್ನೊಬ್ಬ ಗಿರಾಕಿಯ ರೇಂಜ್‌ಫೈಂಡರಿಗೆ ಕೈ ಚಾಚಿದಳು, ಅದರಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಲು. ನಾನು ಕಸಿದುಕೊಂಡೆ. "ಅದರ ಕನ್ನಡಿ ಬಿಚ್ಚೀನಿ, ಮುಟ್ಟಬ್ಯಾಡ" ಎಂದೆ. ಅದರ ಕನ್ನಡಿ ಅದರಲ್ಲೇ ಇತ್ತು. ಕೈಜಾರಿ ಆದ ತಪ್ಪನ್ನು ದೇವರು ಮನ್ನಿಸಬಹುದು. ಈ ಕಸಿದುಕೊಂಡದ್ದನ್ನು ಮನ್ನಿಸುತ್ತಾನೆಂದು ನನಗೆ ಅನ್ನಿಸುವುದಿಲ್ಲ.

ಯಾಕೆ ಹಾಗೆ ಮಾಡಿದೆ? ಹೊಸದಾಗಿ ಮೇಜು ಹಾಕಿದ್ದೆ. ಸ್ವಂತ ಅಕ್ಕನ ಕ್ಯಾಮೆರಾದ ಕನ್ನಡಿ ಒರೆಸಿದನಂತೆ ಎಂಬ ಸುದ್ದಿ ಕೊಪ್ಪಳಕ್ಕೆ, ಉಸ್ತಾದರ ಕಿವಿಗೆ ಹೋದರೆ ಎಂಬ ಹೆದರಿಕೆ. ಸತ್ತ ಕ್ಯಾಮೆರಾ ಸಿಕ್ಕ ಕೂಡಲೇ ಗುಟ್ಟಾಗಿ ಹಾಕಿಬಿಡೋಣ ಎಂಬ ಲೆಕ್ಕ.

ಹುಲಿಗಿಯಲ್ಲಿ ಅವಳು ಅಂದಾಜಿನ ಮೇಲೆ ಫೋಟೋ ತೆಗೆದಳು. ತೊಳೆದಾಗ ಅರ್ಧಕ್ಕರ್ಧ ಮಸುಕು. ಮಗುವಿನ ತಲೆಯ ಮೇಲೆ ಕತ್ತರಿ ಇಡುವ ಚಿತ್ರದಲ್ಲಿ ಹಿಂದಿನ ಹೊಳೆ ನಿಚ್ಚಳ, ಮಗು ಮಂಜು. ಜವಳ ಒಂದೇ ಸಲ, ಇನ್ನೊಮ್ಮೆ ತೆಗೆಯಲು ಬರುವುದಿಲ್ಲ. ಮಿಲ್ಲಿನ ಮನೆಯ ಹಿರಿಯಮ್ಮ ಕೂಗಾಡಲಿಲ್ಲ. "ನೀಲವ್ವಾ, ಕಣ್ಣು ದಣದಾವ, ಇನ್ನ ಸಾಕು ಮಾಡವಾ" ಎಂದು ಬೆನ್ನು ಸವರಿದರಂತೆ. ಕೂಗಾಡಿದ್ದರೆ ಅಕ್ಕ ಎದುರು ವಾದಿಸುತ್ತಿದ್ದಳು. ಆ ಕನಿಕರ ನೋಡಿ ಫೋಟೋಗಳನ್ನು ಅಲ್ಲೇ ಬಿಟ್ಟು ಎದ್ದು ಬಂದಳು.

ಕಣ್ಣಿನ ಡಾಕ್ಟರ ಹತ್ತಿರವೂ ಹೋದಳು. ನಲವತ್ತು ದಾಟಿದ ಯಾರಿಗಾದರೂ ಕೊಡುವ ಓದುವ ಕನ್ನಡಕ ಕೊಟ್ಟರು. ನನ್ನ ಸುಳ್ಳಿಗೆ ಅದೇ ಸಾಕ್ಷಿಯಾಯಿತು. ಕನ್ನಡಕ ಹಾಕಿಕೊಂಡು ಕಿಂಡಿಯಲ್ಲಿ ನೋಡಿದಳು, ಚೌಕವಿಲ್ಲ.

"ಬ್ಯಾರೆ ಡಾಕ್ಟರಿಗೆ ತೋರಸಾಣೇನು?" ಎಂದು ಕೇಳಿದೆ. ನಾಚಿಕೆಯಿಲ್ಲದೆ ಕೇಳಿದೆ.

"ಡಾಕ್ಟರಿಗಿಂತ ನಿನಗ ಹೆಚ್ಚು ತಿಳೀತೈತಿ. ಕಿಂಡಿ ಸಾಪ್ ಐತಿ ಅಂತ ನೀನ ಅಂದ ಮ್ಯಾಲ ಮುಗೀತು. ನಾನ ಹಚ್ಚಿ ಕಲಿಸಿದ ಕೈ ಅದು" ಎಂದಳು.

ಕ್ಯಾಮೆರಾ ಟ್ರಂಕಿಗೆ ಹೋಯಿತು. ಪೆನ್ಸಿಲ್ಲೂ ಹೋಯಿತು, ತಿದ್ದುವ ಕೆಲಸವನ್ನೂ ಬಿಟ್ಟಳು. ಖಾನಾವಳಿಗಳಿಗೆ ರೊಟ್ಟಿ ಬಡಿದುಕೊಡಲು ಶುರು ಮಾಡಿದಳು. "ರೊಟ್ಟಿಗೆ ಕಣ್ಣು ಬೇಕಾಗಂಗಿಲ್ಲ, ಅಂಗೈಗೆ ಕಾಣತೈತಿ" ಎಂದು ಬಂದವರ ಮುಂದೆ ನಗುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದಳು. ಆದರೆ ಒಂದು ಮಧ್ಯಾಹ್ನ ನಾನು ಉಣ್ಣುತ್ತಾ ಕೂತಿದ್ದೆ, ಅವಳು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮುಖದ ಮೇಲೆ ಕನ್ನಡಕ ಇರಲಿಲ್ಲ. ಅಕ್ಕಿಯದೇ ಬಣ್ಣದ, ಅಕ್ಕಿಗಿಂತ ಸಣ್ಣ ಕಲ್ಲುಗಳನ್ನು ಮಾತಾಡುತ್ತಲೇ ಆರಿಸಿ ಎಸೆಯುತ್ತಿದ್ದಳು. ಅವಳಿಗೆ ಅದು ಗೊತ್ತಾಗಲಿಲ್ಲ. ನಾನು ತಾಟು ಬಿಟ್ಟು ಎದ್ದು ಕೈ ತೊಳೆದೆ.

ಮುಂದೆ ಒಂದು ಸತ್ತ ಕ್ಯಾಮೆರಾ ಸಿಕ್ಕಿತು, ಅದೇ ಜಾತಿಯದು. ಅರೆಗನ್ನಡಿ ತೆಗೆದು ಡಬ್ಬಿಯಲ್ಲಿಟ್ಟೆ. ಹಾಕಬೇಕೆಂದರೆ ಟ್ರಂಕಿನಿಂದ ಕ್ಯಾಮೆರಾ ಕೇಳಬೇಕು. ಕೇಳಿದರೆ ಯಾಕೆ ಎನ್ನುತ್ತಾಳೆ. ಶ್ರಾವಣ ಮುಗಿಯಲಿ, ದಸರಾ ಮುಗಿಯಲಿ ಎಂದು ಮುಂದೂಡಿದೆ. ಅಷ್ಟರಲ್ಲಿ ಕಾಲ ತಿರುಗಿತು. ಲೆನ್ಸಿನಲ್ಲೇ ನೋಡುವ ದೊಡ್ಡ ಕ್ಯಾಮೆರಾ ಬಂದವು, ಆಮೇಲೆ ತಾವೇ ಫೋಕಸ್ ಮಾಡಿಕೊಳ್ಳುವಂಥವು, ಆಮೇಲೆ ರೀಲೇ ಇಲ್ಲದವು. ಚಮಕ್ ಎಂಬ ಮಾತನ್ನೇ ಜನ ಮರೆತರು. ನಾನು ಮಿಕ್ಸರ್, ಫ್ಯಾನು ರಿಪೇರಿ ಮಾಡಿ ಹೊಟ್ಟೆ ಹೊರೆದೆ. ಉಸ್ತಾದರು ತೀರಿಕೊಂಡಾಗ ಅವರ ಮೇಜಿನ ಮೇಲೆ ನನ್ನ 'ಅಮಾಸಿ' ಇನ್ನೂ ಇತ್ತು. ಅವರ ಮಗ ಅದನ್ನು ನನಗೇ ಕೊಟ್ಟ.

ಈ ವರ್ಷ ಕುಷ್ಟಗಿಯಿಂದ ಅಶ್ವಿನಿ ಎಂಬ ಹುಡುಗಿ ಬಂದಳು. ಕರೆಂಟ್ ಆಫೀಸಿನಲ್ಲಿ ಕೆಲಸ, ರಜೆಯಲ್ಲಿ ಹಳೆಯ ಕ್ಯಾಮೆರಾ ಹಿಡಿದು ತಿರುಗುತ್ತಾಳೆ. ಮೆಟ್ಟಿಲು ಹತ್ತುವ ಮೊದಲೇ ಹೇಳಿದಳು:

"ಅಜ್ಜಾರ, ನಂದ ತಪ್ಪು. ಮೊಬೈಲಿನಾಗ ನೋಡಿ ಬಿಚ್ಚಿದೆ. ಒಳಗಿನ ಗಾಜು ಒರಸೀನಿ, ಹತ್ತಿಗೆ ಹಳದಿ ಬಂತು. ಇದು ನಮ್ಮಣ್ಣನ ಕ್ಯಾಮೆರಾ."

"ಅಣ್ಣಗ ಹೇಳೀಯೇನವಾ?"

"ಆವಾಗ್ಲೇ ಫೋನ್ ಮಾಡಿ ಹೇಳಿದ್ನಿ. ಎರಡು ದಿವಸ ಮಾತ ಬಿಟ್ಟಿದ್ದ. ಈಗ ಮತ್ತ ರೊಕ್ಕ ಕೇಳಾಕತ್ತಾನ, ಅಂದ್ರ ರಾಜಿ ಆಗ್ಯಾನ."

ಅವಳು ನಕ್ಕಳು. ನಾನು ಒಳಗೆ ಹೋಗಿ ನೀರು ಕುಡಿದು ಬಂದೆ. ಎರಡು ದಿನದ ಸಿಟ್ಟು. ಅದನ್ನು ತಪ್ಪಿಸಿಕೊಳ್ಳಲು ನಾನು ಅಕ್ಕನ ಅರ್ಧ ಆಯುಷ್ಯ ತೆಗೆದುಕೊಂಡಿದ್ದೆ. ಅಶ್ವಿನಿಯ ಕ್ಯಾಮೆರಾ ಬೇರೆ ಜಾತಿಯದು, ಅದಕ್ಕೆ ಬೇರೊಂದು ಕನ್ನಡಿ ಹೊಂದಿಸಿ ಕೊಟ್ಟೆ. ಮರುದಿನ, ಅಕ್ಕನ ಕ್ಯಾಮೆರಾಕ್ಕೆಂದು ಎತ್ತಿಟ್ಟಿದ್ದ ಅರೆಗನ್ನಡಿಯ ಡಬ್ಬಿ ಜೇಬಿಗೆ ಹಾಕಿಕೊಂಡು ಅಕ್ಕನ ಮನೆಗೆ ನಡೆದೆ.

"ಆ ಕ್ಯಾಮೆರಾ ಕೊಡಕ್ಕಾ, ಒಮ್ಮೆ ನೋಡ್ತೀನಿ."

"ಅದರ ತಿಥಿ ಮಾಡಾಕ ಬಂದೀಯೇನು?" ಎನ್ನುತ್ತಾ ಟ್ರಂಕಿನಿಂದ ತೆಗೆದುಕೊಟ್ಟಳು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದಳು. ನಾನು ಹಾಕಿದ ಟ್ಯೂಬಿನ ಬಳೆ ಒಣಗಿ ಬಿರುಕು ಬಿಟ್ಟಿತ್ತು.

ಪಡಸಾಲೆಯಲ್ಲಿ ಕೂತು ಬಿಚ್ಚಿದೆ. ಬರೀ ಗಾಜನ್ನು ತೆಗೆದು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟೆ, ಹೊಸದನ್ನು ಕೂರಿಸಿದೆ. ಅಂಚಿಗೆ ಮಸಿ ಎಳೆದೆ, ಈ ಸಲ ಹರಿಯಲಿಲ್ಲ. ದೂರದ ವಸ್ತುವಿಗೆ ಹೊಂದಿಸಲು ಮಾಳಿಗೆಗೆ ಹೋದೆ. ಕೊಪ್ಪಳದಲ್ಲಿ ಕೋಟೆಯ ಬಂಡೆ, ಗಂಗಾವತಿಯಲ್ಲಿ ನನಗೆ ಯಾವಾಗಲೂ ರೈಸ್ ಮಿಲ್ಲಿನ ಚಿಮಣಿ. ಎರಡು ಚಿಮಣಿ ಒಂದಾಗುವ ತನಕ ತಿರುಪು ತಿರುವಿದೆ. ಅಕ್ಕ ಮೊಣಕಾಲು ಹಿಡಿದುಕೊಂಡು ಮೇಲೆ ಬಂದಳು. ಬೆಳಗಿನ ಬಿಸಿಲು ಅವಳ ಬೆನ್ನಿಗಿತ್ತು, ಚಮಕ್ ಹೊಡೆಯಬೇಕಾದ ಬಿಸಿಲೇ.

"ನೋಡು" ಎಂದು ಕೊಟ್ಟೆ.

ಕೈ ಮರೆತಿರಲಿಲ್ಲ. ಎಡಗೈ ಲೆನ್ಸಿನ ಕೆಳಗೆ ಹೋಯಿತು, ಮೊಣಕೈ ಎದೆಗೆ ಒತ್ತಿಕೊಂಡಿತು. ನಿಧಾನವಾಗಿ ತಿರುವಿದಳು.

"ಏ ತಮ್ಮಾ, ಚೌಕ! ಎರಡು ಚಿಮಣಿ... ತಡಿ, ತಡಿ... ಒಂದಾದ್ವು!"

ಕ್ಯಾಮೆರಾ ಇಳಿಸಿ, ಮತ್ತೆ ಏರಿಸಿ ನೋಡಿದಳು. ಹೋದ ವರ್ಷ ಅವಳಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಮುಖವೆಲ್ಲ ಅರಳಿಸಿ ಹೇಳಿದಳು: "ಆ ಡಾಕ್ಟರ್ ಕೈ ತಣ್ಣಗಿರಲೋ. ಎಷ್ಟು ಛಲೋ ಮಾಡ್ಯಾನ ನೋಡು. ಆವಾಗ ಹೋದ ಕಣ್ಣು ಹೊಳ್ಳಿ ಬಂದಾವ."

ಸುಮ್ಮನಿದ್ದರೆ ಆಗುತ್ತಿತ್ತು. ಅವಳಿಗೆ ಕಣ್ಣು ಬಂದವು, ಡಾಕ್ಟರಿಗೆ ಪುಣ್ಯ ಬಂತು, ನನ್ನ ಗುಟ್ಟು ನನ್ನಲ್ಲಿ ಉಳಿಯಿತು ಎಂದು ಕೆಳಗಿಳಿದು ಚಹಾ ಕುಡಿದು ಹೋಗಬಹುದಿತ್ತು. ಹಾಗೆ ಎಷ್ಟೋ ಸಲ ಇಳಿದು ಹೋದವನು ನಾನು. ಜೇಬಿಗೆ ಕೈ ಹಾಕಿದೆ, ಕಾಗದ ಬಿಚ್ಚಿ ಆ ಬರೀ ಗಾಜನ್ನು ಅವಳ ಅಂಗೈಯಲ್ಲಿಟ್ಟೆ.

"ಡಾಕ್ಟರ್ ಅಲ್ಲಕ್ಕಾ. ಹೋಗಿದ್ದು ಇದರ ಬಣ್ಣ. ಹುಲಿಗಿ ಜವಳದ ಹಿಂದಿನ ದಿನ ಒರಸಿದಂವ ನಾನು. ನಿನ್ನ ಕೈಯಾಗಿಂದ ಇನ್ನೊಂದು ಕ್ಯಾಮೆರಾ ಕಸಗೊಂಡಂವನೂ ನಾನು. ನಿನ್ನ ಕಣ್ಣು ಆವತ್ತೂ ಛಲೋ ಇದ್ದವು, ಅದರ ಮರುದಿನಾನೂ ಛಲೋ ಇದ್ದವು. ನಾ ಸುಳ್ಳು ಹೇಳಿದೆ. ತಪ್ಪಾತಕ್ಕಾ."